ತಲೆ ತಿರುಗಿದ್ದು ಕಿವಿಯಿಂದ ಅಂತೆ, ಹಾಗಾದರೆ ಮನೆ ಯಾಕೆ ತಿರುಗಿತು?

ಸಪ್ತಾಪುರದ_ಮಗಳು
ಭಾನುವಾರ, ಬೆಳಿಗ್ಗೆ 7:40

ಸ್ವಲ್ಪ ಉದ್ದ ಆಗುತ್ತೆ, ಚಹಾ ತಗೊಂಡು ಕೂತು ಓದಿ.

ನಮ್ಮ ಅವ್ವನಿಗೆ 64 ವರ್ಷ. ಬಿಪಿ ಇದೆ, ಗುಳಿಗೆ ತಪ್ಪಿಸುವವಳಲ್ಲ. ಎರಡು ತಿಂಗಳ ಹಿಂದೆ ನಸುಕಿನಲ್ಲಿ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದ್ದೇ ತಡ, ಚೀರಿದಳು. ಓಡಿ ಹೋಗಿ ನೋಡಿದರೆ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡಿದ್ದಾಳೆ. "ಮನಿ ಗರಗರ ತಿರುಗಾಕತ್ತೈತಿ, ನನ್ನ ಹಿಡಕೋ" ಅಂದಳು. ಅರ್ಧ ನಿಮಿಷ ಅಷ್ಟೇ, ನಿಂತುಹೋಯಿತು. ಎದ್ದು ಕೂತಾಗ ಮತ್ತೆ ಅರ್ಧ ನಿಮಿಷ. ಆಮೇಲೆ ಇಡೀ ದಿನ ಹೊಟ್ಟೆ ತೊಳಸು.

ಮೊದಲನೇ ಡಾಕ್ಟರು ಬಿಪಿ ಅಂದರು. ಎರಡನೆಯವರು ಕುತ್ತಿಗೆ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಿದೆ ಅಂತ ಕಾಲರ್ ಹಾಕಿಸಿದರು. (64ರಲ್ಲಿ ಯಾರ ಕುತ್ತಿಗೆ ಸವೆದಿರಲ್ಲ ಹೇಳಿ.) ಏಪ್ರಿಲ್ ಬಿಸಿಲಲ್ಲಿ ಮೂರು ವಾರ ಕಾಲರ್! ಮೂರನೆಯವರು ತಲೆಸುತ್ತಿನ ಗುಳಿಗೆ ಬರೆದರು. ತಗೊಂಡರೆ ನಿದ್ದೆ ಬರುತ್ತಿತ್ತು, ಹೊರಳಿದರೆ ಮನೆ ತಿರುಗುತ್ತಲೇ ಇತ್ತು. ಮೇಲಿನ ಹಲಗೆಯ ಮೇಲಿದ್ದ ಡಬ್ಬಿ ತೆಗೆಯಲು ತಲೆ ಎತ್ತೋಕೂ ಅವ್ವ ಹೆದರತೊಡಗಿದಳು.

ಕೊನೆಗೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋದೆವು. ಅವರು ಅವ್ವನನ್ನು ಮೇಜಿನ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿದು, ಸರ್ರನೆ ಹಿಂದಕ್ಕೆ ಮಲಗಿಸಿದರು. ತಲೆ ಮೇಜಿನ ಅಂಚಿನಿಂದ ಸ್ವಲ್ಪ ಕೆಳಗೆ ಜೋತುಬಿದ್ದಿತ್ತು. "ಕಣ್ಣು ಮುಚ್ಚಬ್ಯಾಡ್ರಿ ಅಮ್ಮಾ, ನನ್ನ ಮೂಗು ನೋಡ್ರಿ" ಅಂದರು. ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ನಾನೇ ಕಂಡೆ, ಅವ್ವನ ಎರಡೂ ಕಣ್ಣುಗುಡ್ಡೆ ತಿರುಚಿಕೊಂಡು ಮೇಲಕ್ಕೆ ಟಕಟಕ ಜಿಗಿಯತೊಡಗಿದವು. ಬೇಕಂತಲೇ ಮಾಡಿ ಅಂದರೆ ಯಾರಿಗೂ ಬರದ ಆಟ. ಇಪ್ಪತ್ತು ಸೆಕೆಂಡಿಗೆ ನಿಂತಿತು. ಕಳೆದ ಕೀಲಿ ಸಿಕ್ಕವರ ಹಾಗೆ ಡಾಕ್ಟರು "ಸಿಕ್ತು" ಅಂದರು. ತಲೆಯನ್ನು ಎಡಕ್ಕೆ, ಮೈಯನ್ನು ಮಗ್ಗುಲಿಗೆ, ಮುಖವನ್ನು ನೆಲದ ಕಡೆಗೆ, ಹೀಗೆ ತಡೆದು ತಡೆದು ಹೊರಳಿಸಿ ಎಬ್ಬಿಸಿ ಕೂರಿಸಿದರು. ಐದು ನಿಮಿಷ ಹಿಡಿಯಲಿಲ್ಲ. ಅಂದು ರಾತ್ರಿ ಅವ್ವ ಬಲಕ್ಕೆ ಹೊರಳಿ ಮಲಗಿದಳು.

ಕಾಯಿಲೆಯ ಹೆಸರು ಬಿಪಿಪಿವಿ ಅಂತೆ. ಕಿವಿಯೊಳಗಿನ ಹರಳು ಜಾಗ ಬಿಟ್ಟಿತ್ತಂತೆ.

ನನ್ನ ತಲೆಯಲ್ಲಿ ಉಳಿದದ್ದು ಎರಡು ಪ್ರಶ್ನೆ. ಕಿವಿಯಲ್ಲಿ ತೊಂದರೆ ಆದರೆ ಮನೆ ಯಾಕೆ ತಿರುಗಬೇಕು? ಹರಳು ಜಾಗಕ್ಕೆ ಹೋದ ಮೇಲೂ ಹತ್ತು ದಿನದಿಂದ ಅವ್ವ "ಅರಳಿ ಮ್ಯಾಲೆ ನಡದಂಗ ಆಕ್ಕೈತಿ" (ಅರಳೆ, ಅಂದರೆ ಹತ್ತಿ) ಅನ್ನುತ್ತಿದ್ದಾಳಲ್ಲ, ಅದು ಯಾಕೆ?

ಕೊಪ್ಪೀಕರ_ರಸ್ತೆ
7:58

ಬಿಪಿ ಅಂದವರು ಅರ್ಧ ಸರಿ ಹೇಳಿದ್ದರು ಬಿಡ್ರಿ ಅಕ್ಕಾ. ಮುಂದಿನ ಪಿವಿ ಒಂದೇ ಬಿಟ್ಟಿದ್ದರು.

ಫಿಸಿಯೋ_ವಿದ್ಯಾನಗರ
8:25

ಫಿಸಿಯೋಥೆರಪಿ ನನ್ನ ಕೆಲಸ, ಇಂಥವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಬಹಳ ಜನ ಕಾಲರ್ ಹಾಕಿಕೊಂಡೇ ಬರುತ್ತಾರೆ.

ನಾವು ನೆಟ್ಟಗೆ ನಿಲ್ಲಬೇಕಾದರೆ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು. ಒಂದು ಕಣ್ಣು. ಇನ್ನೊಂದು ಒಳಗಿವಿ. ಮೂರನೆಯದು ಪಾದ, ಕೀಲು, ಸ್ನಾಯುಗಳು. ಮೂರೂ ಒಂದೇ ಮಾತು ಹೇಳುತ್ತಿದ್ದರೆ ನಮಗೆ ಏನೂ ಗೊತ್ತೇ ಆಗಲ್ಲ. ಒಂದು ಬೇರೆ ಹೇಳಿತೋ, ತಲೆಸುತ್ತು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲಿನೊಳಗೆ ಕೂತಿರುತ್ತೀರಿ, ಪಕ್ಕದ ಗಾಡಿ ಹೊರಡುತ್ತೆ, ನಮ್ಮದೇ ಹೊರಟಿತು ಅನ್ನಿಸುತ್ತೆ. ಅಲ್ಲಿ ಕಣ್ಣು ಹೇಳಿದ್ದನ್ನು ಮೆದುಳು ಒಂದು ಕ್ಷಣ ನಂಬಿಬಿಡುತ್ತೆ.

ಒಳಗಿವಿಯಲ್ಲಿ ಮೂರು ಬಳೆಯಂಥ ಕೊಳವೆಗಳಿವೆ, ಒಂದಕ್ಕೊಂದು ಅಡ್ಡಡ್ಡ. ಒಳಗೆಲ್ಲ ನೀರಿನಂಥ ದ್ರವ. ತಲೆ ತಿರುಗಿದಾಗ ದ್ರವ ಸ್ವಲ್ಪ ಹಿಂದೆ ಬೀಳುತ್ತೆ, ಅಲ್ಲಿರುವ ಸಣ್ಣ ಕೂದಲುಗಳು ಬಾಗುತ್ತವೆ. ಮೆದುಳಿಗೆ ತಿರುಗಿದ ಸುದ್ದಿ ಹೋಗುವುದು ಹೀಗೆ. ಬಳೆಗಳ ಪಕ್ಕದಲ್ಲೇ ಎರಡು ಚೀಲಗಳಿವೆ. ಅವುಗಳಲ್ಲಿ ಅಂಟಿನ ಮೇಲೆ ಕೂತ ಸಣ್ಣ ಸಣ್ಣ ಹರಳುಗಳು. ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಜಾತಿಯೇ. ಭಾರ ಯಾವ ಕಡೆ ಎಳೆಯುತ್ತಿದೆ, ಅಂದರೆ ಕೆಳಗೆ ಯಾವುದು ಮೇಲೆ ಯಾವುದು, ಅಂತ ಹೇಳುವುದು ಇವುಗಳ ಕೆಲಸ. ವಯಸ್ಸಾದಂತೆ ಕೆಲವು ಹರಳು ಕಿತ್ತುಬಂದು ಬಳೆಯೊಳಗೆ ಬೀಳುತ್ತವೆ. ಬೀಳುವುದು ಹೆಚ್ಚಾಗಿ ಹಿಂಬದಿಯ ಬಳೆಗೆ, ಅದೇ ಎಲ್ಲಕ್ಕಿಂತ ಕೆಳಗಿರುವುದು.

ಈಗ ಅವ್ವ ಹೊರಳಿದರು, ತಲೆ ನಿಂತಿತು. ಆದರೆ ಹರಳು ಇನ್ನೂ ಬಳೆಯಲ್ಲಿ ಜಾರುತ್ತಿದೆ, ದ್ರವವನ್ನೂ ಎಳೆಯುತ್ತಿದೆ. ಕಿವಿ "ತಿರುಗುತ್ತಿದ್ದೇವೆ" ಅನ್ನುತ್ತೆ. ತಲೆ ತಿರುಗಿದಾಗ ಕಣ್ಣನ್ನು ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗಿಸಬೇಕು, ಇಲ್ಲದಿದ್ದರೆ ಎದುರಿನದು ಕದಡುತ್ತೆ. ಅದು ಮೆದುಳಿನ ಕಾಂಡದ ಕೆಲಸ. ಅದು ಕಿವಿಯನ್ನು ನಂಬಿ ಕಣ್ಣನ್ನು ತಿರುಗಿಸಿತು. ತಲೆ ತಿರುಗಿಲ್ಲ, ಕಣ್ಣು ಮಾತ್ರ ತಿರುಗಿತು. ಅದಕ್ಕೇ ಮನೆ ತಿರುಗಿತು. ನೀವು ನೋಡಿದ ಆ ಜಿಗಿತ ಇದೇ.

ಈಗಲೇ ಒಂದು ಆಟ ಮಾಡಿ. ಮೊಬೈಲನ್ನು ಮುಖದ ಮುಂದೆ ಹಿಡಿದು ಎಡಕ್ಕೆ ಬಲಕ್ಕೆ ಜೋರಾಗಿ ಆಡಿಸಿ. ಓದಲು ಬರಲ್ಲ. ಈಗ ಮೊಬೈಲ್ ಅಲ್ಲಾಡಿಸದೆ ಅಷ್ಟೇ ವೇಗದಲ್ಲಿ ತಲೆಯನ್ನು ಅಲ್ಲಾಡಿಸಿ. ಅಕ್ಷರ ನಿಂತಲ್ಲೇ ನಿಲ್ಲುತ್ತೆ, ಅಲ್ವಾ? ಕಿವಿಯಿಂದ ಕಣ್ಣಿಗೆ ಆ ಹಾದಿ ಅಷ್ಟು ಚುರುಕು. ಸೆಕೆಂಡಿನ ನೂರನೇ ಒಂದು ಪಾಲು ಸಾಕು.

ಕೊಪ್ಪೀಕರ_ರಸ್ತೆ
8:31

ಮನೆಯಲ್ಲಿ ಎಲ್ಲರೂ ತಲೆ ಅಲ್ಲಾಡಿಸುತ್ತಾ ಕೂತಿದ್ದೇವೆ. ಹಾಲಿನವನು ಬಾಗಿಲಲ್ಲಿ ನಿಂತು ಗಾಬರಿ ಆಗಿದ್ದಾನೆ.

ಒಂದು ಅನುಮಾನ. ನಮ್ಮ ಅಜ್ಜಿ ಎಲೆಗೆ ಸುಣ್ಣ ಜಾಸ್ತಿ ಹಚ್ಚುತ್ತಾಳೆ. ಅದೇ ಕಿವಿಗೆ ಹೋಗುತ್ತಾ?

ಫಿಸಿಯೋ_ವಿದ್ಯಾನಗರ
8:36

ಹೋಗಲ್ಲ. ಆ ಹರಳು ಹುಟ್ಟಿನಿಂದ ಅಲ್ಲೇ ಇರುತ್ತವೆ. ಮೂಳೆ ಟೊಳ್ಳಾದವರಿಗೆ, ವಿಟಮಿನ್ ಡಿ ಕಡಿಮೆ ಇದ್ದವರಿಗೆ ಮರಳಿ ಮರಳಿ ಬರುವುದು ಜಾಸ್ತಿ. ಅಜ್ಜಿಗೆ ಎಲೆ ಬಿಡಿಸುವುದಾದರೆ ಬಾಯಿಯ ಕ್ಯಾನ್ಸರಿನ ಕಾರಣ ಹೇಳಿ ಬಿಡಿಸಿ, ಕಿವಿಯ ಕಾರಣ ಬೇಡ.

ಅರಳೆಯ ಪ್ರಶ್ನೆ ಉಳಿಯಿತು. ಎರಡು ತಿಂಗಳು ಬಲಗಿವಿ ಸುಳ್ಳು ಹೇಳಿದೆ. ಮೆದುಳು ಅದನ್ನು ನಂಬುವುದು ಕಡಿಮೆ ಮಾಡಿ, ಕಣ್ಣು ಮತ್ತು ಪಾದಕ್ಕೆ ಹೆಚ್ಚು ಬೆಲೆ ಕೊಟ್ಟಿದೆ. ಕಿವಿ ಸರಿಯಾಯಿತು, ಹಳೇ ಲೆಕ್ಕ ಇನ್ನೂ ಬದಲಾಗಿಲ್ಲ. ಅದನ್ನು ಬದಲಿಸುವ ದಾರಿ ಅಂದರೆ ತಲೆ ಆಡಿಸುವುದು, ನಡೆಯುವುದು, ತಿರುಗುವುದು. ಹೆದರಿ ಕುತ್ತಿಗೆ ಬಿಗಿಹಿಡಿದು ಕೂತರೆ ಮೆದುಳಿಗೆ ಕಲಿಯಲು ಏನೂ ಸಿಗಲ್ಲ. ಸಂಜೆ ಅವ್ವನನ್ನು ಸಾಧನಕೇರಿ ಕಡೆ ಕರೆದುಕೊಂಡು ಹೋಗಿ. ನಡೆಯುತ್ತಾ ಎಡಕ್ಕೆ ಬಲಕ್ಕೆ ನೋಡಲಿ, ಜೊತೆಗೆ ನೀವಿರಿ.

ಗದಗಿನ_ಮಾಸ್ತರ
9:10

ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳುತ್ತೇನೆ. "ದೇಹದ ಸಮತೋಲನ ಕಾಪಾಡುವ ಮೆದುಳಿನ ಭಾಗ ಯಾವುದು?" ಅನುಮಸ್ತಿಷ್ಕ, ಅಂದರೆ ಕಿರುಮೆದುಳು. ಒಂದು ಅಂಕ. ಮುಂದಿನ ಪ್ರಶ್ನೆ. ಎಷ್ಟೋ ವರ್ಷ ಹಾಗೇ ಹೇಳಿಕೊಂಡು ಬಂದೆ. ಆ ಒಂದು ಅಂಕದ ಹಿಂದೆ ಎಷ್ಟು ಇದೆ ಅಂತ ಗೊತ್ತಾದದ್ದು ನಮ್ಮನೆ ಅಡುಗೆಮನೆಯಲ್ಲಿ.

ನಮ್ಮ ಅತ್ತೆ ಜೋಳದ ರೊಟ್ಟಿ ಬಡಿಯುವುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಿದೆ. ಬಲಗೈ ಬಡಿಯುತ್ತೆ. ಎಡಗೈ ಬೆರಳು ಅಂಚನ್ನು ಒತ್ತಿ ಚೂರು ಸರಿಸುತ್ತವೆ. ರೊಟ್ಟಿ ಕೈಕೆಳಗೆ ತಾನೇ ತಿರುಗಿದ ಹಾಗೆ ಕಾಣುತ್ತೆ. ಶುರುವಿನಲ್ಲಿ ದಪ್ ದಪ್, ತೆಳ್ಳಗಾದಂತೆ ಪಟ್ ಪಟ್. ಸದ್ದು ಬದಲಾದ ಕೂಡಲೇ ಪೆಟ್ಟು ಹಗುರ. ಇಷ್ಟೂ ಹೊತ್ತು ಅತ್ತೆ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಹಾವೇರಿಯ ತಂಗಿಯ ಜೊತೆ ಮದುವೆ ಸುದ್ದಿ ಮಾತಾಡುತ್ತಿದ್ದರು. ನಾನು ಒಂದು ಬಡಿದೆ. ಕರ್ನಾಟಕದ ನಕ್ಷೆ ಬಂತು, ಅದೂ ಬೀದರ್ ಹರಿದುಹೋದದ್ದು.

ನನ್ನ ರೊಟ್ಟಿ ಬಡಿದದ್ದು ದೊಡ್ಡ ಮೆದುಳು. ಪ್ರತಿ ಪೆಟ್ಟಿಗೂ ಯೋಚನೆ. ಅತ್ತೆಯ ರೊಟ್ಟಿಯಲ್ಲಿ ದೊಡ್ಡ ಮೆದುಳು "ಬಡಿ" ಅಂತ ಹೇಳಿ ಮದುವೆ ಸುದ್ದಿಗೆ ಹೋಗಿದೆ, ಉಳಿದದ್ದನ್ನು ಹಿಂದಲೆಯ ಕಿರುಮೆದುಳು ನೋಡಿಕೊಳ್ಳುತ್ತಿದೆ. ಕೈ ಎಲ್ಲಿ ಬೀಳಬೇಕು ಅಂತ ಅದಕ್ಕೆ ಮೊದಲೇ ಅಂದಾಜು ಇರುತ್ತೆ. ಬಿದ್ದ ಮೇಲೆ ಬಂದ ಸುದ್ದಿಯನ್ನು ಅಂದಾಜಿನ ಜೊತೆ ಹೋಲಿಸುತ್ತೆ. ತಪ್ಪಿದ್ದರೆ ಮುಂದಿನ ಪೆಟ್ಟಿಗೆ ತಿದ್ದುತ್ತೆ. ಅತ್ತೆ ಹನ್ನೆರಡನೇ ವಯಸ್ಸಿನಿಂದ ಬಡಿಯುತ್ತಿದ್ದಾರೆ. ಎಷ್ಟು ಸಾವಿರ ಸಲ ತಿದ್ದಿರಬೇಕು ಲೆಕ್ಕ ಹಾಕಿ.

ತೂಕದಲ್ಲಿ ಕಿರುಮೆದುಳು ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು. ಆದರೆ ನರಕೋಶ ಎಣಿಸಿದರೆ ಬೇರೆಯೇ ಕತೆ. 2009ರಲ್ಲಿ ಬ್ರೆಜಿಲ್‌ನವರು ಎಣಿಸಿದ ಪ್ರಕಾರ ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ, ಅದರಲ್ಲಿ ಸುಮಾರು 6,900 ಕೋಟಿ ಈ ಕಿರುಮೆದುಳಿನಲ್ಲೇ. ಅಲ್ಲಿನ ಪುರ್ಕಿಂಜೆ ಎಂಬ ನರಕೋಶ ಒಂದೊಂದಕ್ಕೂ ಲಕ್ಷಕ್ಕಿಂತ ಹೆಚ್ಚು ತಂತುಗಳು ಬಂದು ಮುಟ್ಟುತ್ತವೆ.

ಮಕ್ಕಳಿಗೆ ಈಗ ಇನ್ನೊಂದು ಹೇಳುತ್ತೇನೆ. ನಿಮಗೆ ನೀವೇ ಕಚಗುಳಿ ಇಟ್ಟುಕೊಳ್ಳಿ ನೋಡೋಣ. ಬರಲ್ಲ. ನಿಮ್ಮ ಬೆರಳು ಎಲ್ಲಿ ಮುಟ್ಟುತ್ತೆ ಅಂತ ಕಿರುಮೆದುಳಿಗೆ ಮೊದಲೇ ಗೊತ್ತು. ಕ್ಲಾಸು ಹತ್ತು ನಿಮಿಷ ಹಾಳಾಗುತ್ತೆ, ಆದರೆ ಆ ಒಂದು ಅಂಕ ಮತ್ತೆ ಯಾರೂ ತಪ್ಪಿಸಿಕೊಂಡಿಲ್ಲ.

ಕುಂದಗೋಳ_ಕುಮಾರ
9:22

ಮಾಸ್ತರೇ, ಕಿರುಮೆದುಳೇ ಇಲ್ಲದೆ ಬದುಕಿದವರಿದ್ದಾರೆ ಅಂತ ಎಲ್ಲೋ ಓದಿದ್ದೆ. ಹಾಗಾದರೆ ಅದು ಅಷ್ಟು ಮುಖ್ಯ ಹೇಗೆ?

ಗದಗಿನ_ಮಾಸ್ತರ
9:41

ಇದ್ದಾರೆ. ಚೀನಾದಲ್ಲಿ 24 ವರ್ಷದ ಹೆಂಗಸೊಬ್ಬರು ತಲೆಸುತ್ತು ಅಂತ ಆಸ್ಪತ್ರೆಗೆ ಬಂದರು. ಸ್ಕ್ಯಾನ್ ಮಾಡಿದರೆ ಕಿರುಮೆದುಳಿನ ಜಾಗದಲ್ಲಿ ಬರೀ ದ್ರವ. ಆ ವರದಿ 2014ರಲ್ಲಿ ಹೊರಬಂತು. ಆದರೆ ಪೂರ್ತಿ ಓದಿ. ಮಾತು ಸ್ಪಷ್ಟವಾಗಲು ಅವರಿಗೆ ಆರು ವರ್ಷ ಹಿಡಿಯಿತು, ಯಾರನ್ನೂ ಹಿಡಿಯದೆ ನಡೆಯಲು ಏಳು. ಹುಟ್ಟಿನಿಂದಲೇ ಇಲ್ಲದ್ದಕ್ಕೆ ಬೇರೆ ಭಾಗಗಳು ಆದಷ್ಟು ಹೊತ್ತುಕೊಂಡಿವೆ. ದೊಡ್ಡವರಾದ ಮೇಲೆ ಪೆಟ್ಟು ಬಿದ್ದರೆ ಕತೆ ಬೇರೆ. ಮೊದಲ ಮಹಾಯುದ್ಧದಲ್ಲಿ ಹಿಂದಲೆಗೆ ಗುಂಡು ತಗುಲಿದ ಸೈನಿಕರನ್ನು ಗಾರ್ಡನ್ ಹೋಮ್ಸ್ ಎಂಬ ಡಾಕ್ಟರು ನೋಡಿ ಬರೆದಿಟ್ಟಿದ್ದಾರೆ. ಕೈಯಲ್ಲಿ ಶಕ್ತಿ ಇದೆ, ಆದರೆ ಲೋಟ ಹಿಡಿಯಲು ಹೋದರೆ ಕೈ ಆಚೆಗೆ ಹೋಗುತ್ತೆ. ನಡೆದರೆ ಕುಡಿದವರ ಹಾಗೆ.

ಇನ್ನೊಂದು ತಮಾಷೆ. ದೊಡ್ಡ ಮೆದುಳಿನ ಎಡಭಾಗ ಮೈಯ ಬಲಭಾಗವನ್ನು ಆಡಿಸುತ್ತೆ, ನರಗಳು ಕೆಳಗೆ ಬರುವಾಗ ಅಡ್ಡ ದಾಟುತ್ತವೆ. ಅದಕ್ಕೇ ಬಲಗೈಗೆ ಲಕ್ವಾ ಹೊಡೆದರೆ ಎಡ ಮೆದುಳು ನೋಡುತ್ತಾರೆ. ಕಿರುಮೆದುಳು ಮಾತ್ರ ತನ್ನ ಕಡೆಯ ಕೈಯನ್ನೇ ನೋಡಿಕೊಳ್ಳುತ್ತೆ.

ಶನಿವಾರದ_ಸಂತೆ
9:50

ಕುಡಿದವರ ಹಾಗೆ ಅಂದರಲ್ಲ, ಕುಡಿದವರಿಗೆ ಏನಾಗುತ್ತೆ ಅದನ್ನೂ ಹೇಳಿಬಿಡಿ. ಗೆಳೆಯನೊಬ್ಬನಿಗೆ ಬೇಕಿತ್ತು.

ಕ್ಯಾಂಟೀನ್_ಚಹಾ
10:15

ಹುಬ್ಬಳ್ಳಿಯಲ್ಲಿ ಮೆಡಿಸಿನ್ ಪಿಜಿ ಓದುತ್ತಿದ್ದೇನೆ. ರಾತ್ರಿ ಡ್ಯೂಟಿ ಮುಗಿಸಿ ಬಂದೆ, ತಪ್ಪಿದ್ದರೆ ತಿದ್ದಿ.

ಗೆಳೆಯನಿಗೆ ಹೇಳಿ: ಸಾರಾಯಿ ಕಿರುಮೆದುಳನ್ನು ಮಂಕು ಮಾಡುತ್ತೆ. ಕಿವಿಯ ಬಳೆಯೊಳಗೆ ಆ ಸಣ್ಣ ಕೂದಲುಗಳನ್ನು ಮುಚ್ಚಿರುವ ಟೊಪ್ಪಿಗೆಯನ್ನೂ ಸುತ್ತಲಿನ ದ್ರವಕ್ಕಿಂತ ಹಗುರ ಮಾಡುತ್ತೆ, ಅದು ತೇಲಿ ಕೂದಲು ಬಾಗುತ್ತವೆ. ಮಲಗಿದ ಮೇಲೆ ಮಂಚ ತಿರುಗುವುದು ಅದಕ್ಕೇ.

ಈಗ ಗಂಭೀರ ಮಾತು. ಅಕ್ಕನ ಅವ್ವನ ಲಕ್ಷಣ ನೋಡಿ: ಹೊರಳಿದಾಗ ಮಾತ್ರ, ಅರ್ಧ ನಿಮಿಷ ಮಾತ್ರ, ಮಾತು ಕೈಕಾಲು ಎಲ್ಲ ಸರಿ. ಎಲ್ಲ ತಲೆಸುತ್ತೂ ಹೀಗಿರಲ್ಲ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಮುಖ ಅಥವಾ ಕೈ ಒಂದು ಕಡೆ ಮರಗಟ್ಟಿದರೆ, ಕೂರಲೂ ಆಗದೆ ಒಂದೇ ಕಡೆ ವಾಲಿದರೆ, ಹಿಂದೆಂದೂ ಕಾಣದ ತಲೆನೋವು ಬಂದರೆ, 108ಕ್ಕೆ ಫೋನ್ ಮಾಡಿ. ಅದು ಕಿರುಮೆದುಳಿನ ಲಕ್ವಾ ಇರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು. ಶುಂಠಿ ಕಷಾಯ ಕುಡಿಸಿ ಬೆಳಗಾಗಲಿ ಅಂತ ಕಾಯುವುದು ಬೇಡ.

ಅಂದ ಹಾಗೆ ಅಕ್ಕಾ, ಆ ಮೂರನೇ ಡಾಕ್ಟರು ಬರೆದ ಗುಳಿಗೆ ನಿಲ್ಲಿಸಿದಿರಾ?

ಸಪ್ತಾಪುರದ_ಮಗಳು
10:32

ಅಯ್ಯೋ, ಇಲ್ಲ. ಈಗ ಡಬ್ಬಿ ನೋಡಿದೆ. ದಿನಕ್ಕೆ ಮೂರು ಸಲ, ಇನ್ನೂ ತಗೊಳ್ಳುತ್ತಿದ್ದಾಳೆ. ಸಿನ್ನರಿಜಿನ್ ಅಂತ ಇದೆ. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕ್ಯಾಂಟೀನ್_ಚಹಾ
10:44

ನಾಳೆಯೇ ಡಾಕ್ಟರನ್ನು ಕೇಳಿ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಇವೆಲ್ಲ ಕೆಲವು ದಿನದ ಮಟ್ಟಿಗೆ. ವಯಸ್ಸಾದವರು ತಿಂಗಳುಗಟ್ಟಲೆ ತಗೊಂಡರೆ ಕೈ ನಡುಗುವುದು, ಹೆಜ್ಜೆ ಸಣ್ಣದಾಗುವುದು, ಮುಖದಲ್ಲಿ ಚಹರೆಯೇ ಇಲ್ಲದಂತಾಗುವುದು ಉಂಟು. ಥೇಟ್ ಪಾರ್ಕಿನ್ಸನ್ ಕಾಯಿಲೆ ಥರ. ಮೆದುಳಿನಲ್ಲಿ ಸುದ್ದಿ ಸಾಗಿಸುವ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅವು ಅಡ್ಡ ಬರುತ್ತವೆ. ಗುಳಿಗೆ ನಿಲ್ಲಿಸಿದರೆ ಹೆಚ್ಚಿನವರಿಗೆ ನಿಧಾನವಾಗಿ ಹೋಗುತ್ತೆ. ಇನ್ನೊಂದು, ಫಿಸಿಯೋ ಅಕ್ಕ ಹೇಳಿದ ಆ ಹೊಸ ಲೆಕ್ಕ ಇದೆಯಲ್ಲ, ಈ ಗುಳಿಗೆ ಮೆದುಳನ್ನು ಮಂಕು ಮಾಡುವುದರಿಂದ ಅದೂ ತಡವಾಗುತ್ತೆ. ಅವ್ವನ ಅರಳೆಯಲ್ಲಿ ಇದರ ಪಾಲೂ ಇರಬಹುದು.

ಹೋರಿ_ಹಾವೇರಿ
11:05

ನನಗೊಂದು ಬೇರೆ ಪ್ರಶ್ನೆ. ನಮ್ಮ ಕಡೆ ಹೋರಿ ಹಬ್ಬ ನೋಡಿದ್ದೀರಲ್ಲ. ಹೋರಿ ಜನರ ನಡುವೆ ನುಗ್ಗುತ್ತೆ, ಹುಡುಗರು ಕೊಬ್ಬರಿ ಹಾರಕ್ಕೆ ಕೈ ಹಾಕುತ್ತಾರೆ. ಪಳಗಿದವನು ಹೋರಿ ತಿರುಗುವ ಮೊದಲೇ ಪಕ್ಕಕ್ಕೆ ಸರಿದಿರುತ್ತಾನೆ. ಹೊಸಬ ತಿರುಗಿದ್ದು ನೋಡಿ ಸರಿಯಲು ಹೋಗಿ ಬೀಳುತ್ತಾನೆ. ನಾನು ಹೊಸಬನಿದ್ದಾಗ ಬಿದ್ದು ಮೊಣಕೈ ಮುರಿದುಕೊಂಡೆ. ಅವನ ಮೆದುಳು ನನಗಿಂತ ಚುರುಕಾ?

ಕ್ಯಾಂಟೀನ್_ಚಹಾ
11:30

ಚುರುಕು ಇಬ್ಬರದೂ ಹೆಚ್ಚುಕಡಿಮೆ ಒಂದೇ. ಕಣ್ಣಿಂದ ನೋಡಿ ಕಾಲು ಆಡಿಸಲು ಸೆಕೆಂಡಿನ ಐದನೇ ಒಂದು ಪಾಲು ಬೇಕೇ ಬೇಕು, ಯಾರಿಗಾದರೂ. ಅಷ್ಟರಲ್ಲಿ ಓಡುವ ಹೋರಿ ಎರಡು ಮೀಟರ್ ಬಂದಿರುತ್ತೆ. ಪಳಗಿದವನು ಹೋರಿಯ ಹೆಗಲು, ತಲೆ ಬಾಗಿದ ರೀತಿ ನೋಡಿ ಮೊದಲೇ ಲೆಕ್ಕ ಹಾಕಿರುತ್ತಾನೆ. ಮಾಸ್ತರ ಅತ್ತೆಯ ರೊಟ್ಟಿಯ ಲೆಕ್ಕವೇ.

ಮೈ ಹೀಗೆ ಮುಂಚೆಯೇ ತಯಾರಾಗುವುದು ಎಲ್ಲರಲ್ಲೂ ಇದೆ. ನಿಂತುಕೊಂಡು ಕೈಯನ್ನು ಮುಂದಕ್ಕೆ ಚಾಚಿ. ಕೈ ಏಳುವ ಮೊದಲೇ ಕಾಲಿನ ಹಿಂದಿನ ಸ್ನಾಯು, ಬೆನ್ನಿನ ಸ್ನಾಯು ಬಿಗಿಯಾಗಿರುತ್ತವೆ. ಇಲ್ಲದಿದ್ದರೆ ಕೈಯ ಭಾರಕ್ಕೆ ಮುಂದೆ ಮುಗ್ಗರಿಸಬೇಕಿತ್ತು. ಬಿಸಿ ಹಂಚು ಮುಟ್ಟಿ ಕೈ ಎಳೆದುಕೊಳ್ಳುವುದಂತೂ ಬೆನ್ನುಹುರಿಯ ಮಟ್ಟದಲ್ಲೇ ಮುಗಿಯುತ್ತೆ, ಮೆದುಳಿಗೆ ಸುಟ್ಟ ಸುದ್ದಿ ಆಮೇಲೆ ಮುಟ್ಟುತ್ತೆ.

ಹೋರಿ_ಹಾವೇರಿ
11:34

ಮೊಣಕೈ ಸುದ್ದಿ ಮಾತ್ರ ಬೇಗ ಮುಟ್ಟಿತ್ತು ಸರ್.

ಮಾಳಮಡ್ಡಿ_ಮನೆ
ಮಧ್ಯಾಹ್ನ 12:20

ನಮ್ಮ ಮಾವನವರದು ಇನ್ನೊಂದು ಬಗೆ. ತಲೆ ತಿರುಗಲ್ಲ ಅನ್ನುತ್ತಾರೆ. ಆದರೆ ಬೆಳಿಗ್ಗೆ ನಲ್ಲಿಯ ಮುಂದೆ ಬಾಗಿ, ಕಣ್ಣು ಮುಚ್ಚಿ ಮುಖಕ್ಕೆ ನೀರು ಹಾಕಿದರೆ ವಾಲುತ್ತಾರೆ. ಎರಡು ಸಲ ಬಚ್ಚಲಲ್ಲೇ ಬಿದ್ದರು. ರಾತ್ರಿ ಕರೆಂಟ್ ಹೋದರೆ ಕೂತಲ್ಲಿಂದ ಏಳುವುದೇ ಇಲ್ಲ. ಸಕ್ಕರೆ ಕಾಯಿಲೆ 15 ವರ್ಷದಿಂದ ಇದೆ.

ಫಿಸಿಯೋ_ವಿದ್ಯಾನಗರ
12:48

ನೀವು ಹೇಳಿದ್ದು ಪಕ್ಕಾ ಪರೀಕ್ಷೆಯೇ. ರೋಂಬರ್ಗ್ ಅಂತ ಜರ್ಮನಿಯ ಡಾಕ್ಟರ ಹೆಸರಿನಲ್ಲಿದೆ: ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವುದು. ಕಣ್ಣು ತೆರೆದಾಗ ಸರಿ, ಮುಚ್ಚಿದ ಕೂಡಲೇ ವಾಲಿದರು ಅಂದರೆ ಮೂರನೇ ಸುದ್ದಿ, ಪಾದದ್ದು, ಬರುತ್ತಿಲ್ಲ. ಕಣ್ಣಿನ ಬಲದ ಮೇಲೇ ನಿಂತಿದ್ದರು. ಅದೂ ಮುಚ್ಚಿತು.

ಸಕ್ಕರೆಯಿಂದ ಪಾದದ ನರ ಸವೆದಿರಬಹುದು. ಬಿ12 ಕೂಡ ಪರೀಕ್ಷೆ ಮಾಡಿಸಿ. ಮಾಂಸ ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ತಗೊಂಡರೆ ಇನ್ನೂ ಇಳಿಯುತ್ತೆ. ಬೇಗ ಹಿಡಿದರೆ ಇಂಜೆಕ್ಷನ್‌ನಿಂದ ಸುಧಾರಿಸುತ್ತೆ. ತಡವಾದರೆ ಪೂರ್ತಿ ಮರಳಲ್ಲ. ಬಚ್ಚಲಿಗೆ ಹಿಡಿಕೆ ಇವತ್ತೇ ಹಾಕಿಸಿ, ಸ್ಟೂಲ್ ಮೇಲೆ ಕೂತು ಮುಖ ತೊಳೆಯಲಿ.

ಈ ಮೂರನೇ ಸುದ್ದಿಗೆ ನಮ್ಮಲ್ಲಿ ಬಳಕೆಯ ಹೆಸರೇ ಇಲ್ಲ ನೋಡಿ. ಪಂಚೇಂದ್ರಿಯದಲ್ಲಿ ಇದಕ್ಕೆ ಜಾಗ ಇಲ್ಲ. ಇಂಗ್ಲೆಂಡಿನ ಇಯಾನ್ ವಾಟರ್ಮನ್ ಎಂಬವರಿಗೆ 1971ರಲ್ಲಿ, 19ನೇ ವಯಸ್ಸಿಗೆ, ಜ್ವರದ ನಂತರ ಇದು ಕುತ್ತಿಗೆಯಿಂದ ಕೆಳಗೆ ಪೂರ್ತಿ ಹೋಯಿತು. ಸ್ನಾಯು ಚೆನ್ನಾಗಿವೆ, ಆದರೆ ಕೈ ಎಲ್ಲಿದೆ ಅಂತ ನೋಡದೆ ಗೊತ್ತಾಗಲ್ಲ. ವರ್ಷಗಟ್ಟಲೆ ಕಲಿತು ಎದ್ದು ನಡೆದರು, ಒಂದೊಂದು ಹೆಜ್ಜೆಯನ್ನೂ ಕಣ್ಣಿಟ್ಟು ನೋಡಿಕೊಂಡು. ದೀಪ ಆರಿದರೆ ಮಾತ್ರ ನಿಂತಲ್ಲೇ ಕುಸಿಯುತ್ತಿದ್ದರು. ಕರೆಂಟ್ ಹೋದಾಗ ನಿಮ್ಮ ಮಾವನವರು ಏಳದೆ ಕೂರುವುದು ಹೆದರಿಕೆಯಿಂದ ಅಂದುಕೊಳ್ಳಬೇಡಿ. ಅದು ಜಾಣತನ.

ಕುಂದಗೋಳ_ಕುಮಾರ
1:15

ಅಕ್ಕನ ಅವ್ವನಿಗೆ ಮಾಡಿದ ಆ ಹೊರಳಾಟವನ್ನು ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಬಹುದಲ್ವಾ? ನಾನು ನಮ್ಮ ಕಾಕಾಗೆ ಮಾಡಿದೆ, ಹೋಯಿತು. ಸುಮ್ನೆ ಡಾಕ್ಟರಿಗೆ ಯಾಕೆ ದುಡ್ಡು?

ಫಿಸಿಯೋ_ವಿದ್ಯಾನಗರ
1:27

ಯಾವ ಕಿವಿ ಅಂತ ಹೇಗೆ ಗೊತ್ತಾಯಿತು? ಯಾವ ಬಳೆ? ಮೂರು ಬಳೆಗೆ ಮೂರು ಬೇರೆ ಹೊರಳಾಟ. ಕಾಕಾಗೆ ಕುತ್ತಿಗೆಯ ಹಳೇ ಪೆಟ್ಟು ಇದ್ದಿದ್ದರೆ?

ಕುಂದಗೋಳ_ಕುಮಾರ
1:30

ಎರಡೂ ಕಡೆ ಮಾಡಿದೆ. ಒಂದು ಕೆಲಸ ಮಾಡಿತು.

ಫಿಸಿಯೋ_ವಿದ್ಯಾನಗರ
1:52

ನಿಮ್ಮ ಅದೃಷ್ಟ. ಮೊದಲ ಸಲ ಯಾರಾದರೂ ತಿಳಿದವರು ಕಣ್ಣು ನೋಡಿ ಯಾವ ಕಡೆ ಅಂತ ಹೇಳಲಿ. ಇದು ಮತ್ತೆ ಬರುವ ಕಾಯಿಲೆ, ಎರಡನೇ ಸಲಕ್ಕೆ ಮನೆಯಲ್ಲೇ ಮಾಡಿಕೊಳ್ಳಲು ನಾವೇ ಕಲಿಸಿ ಕಳಿಸುತ್ತೇವೆ. ಅಮೆರಿಕದ ಜಾನ್ ಎಪ್ಲಿ ಎಂಬವರು 1980ರಲ್ಲಿ ಇದನ್ನು ಹೇಳಿದಾಗ, ತಲೆ ಹೊರಳಿಸಿ ಕಾಯಿಲೆ ಓಡಿಸುತ್ತಾನಂತೆ ಅಂತ ಸಹೋದ್ಯೋಗಿಗಳೇ ನಕ್ಕಿದ್ದರು. ಈಗ ನೀವು ಕಾಕಾಗೆ ಮಾಡುತ್ತಿದ್ದೀರಿ.

ನರಗುಂದದ_ನೆರಳು
ಸಂಜೆ 5:10

ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಪಾರ್ಕಿನ್ಸನ್ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಪ್ಪಾಜಿಗೆ ಏಳು ವರ್ಷದಿಂದ ಇದೆ. ಜನ ಕೈ ನಡುಕ ಒಂದನ್ನೇ ನೋಡುತ್ತಾರೆ. ನಡುಕ ನಮಗೆ ಅಭ್ಯಾಸ ಆಯಿತು. ಅಭ್ಯಾಸ ಆಗದ್ದು ಹೊಸ್ತಿಲು. ಪಡಸಾಲೆಯಲ್ಲಿ ನಡೆದು ಬರುತ್ತಾರೆ, ಹೊಸ್ತಿಲ ಮುಂದೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಮೈ ಮುಂದಕ್ಕೆ ಹೋಗುತ್ತೆ, ಪಾದ ಅಲ್ಲೇ. "ಕಾಲು ಕಿತ್ತಿಡ್ರಿ ಅಪ್ಪಾಜಿ" ಅಂದರೆ "ಕೇಳವಲ್ದು ಅದು" ಅನ್ನುತ್ತಾರೆ. ಮೊದಮೊದಲು ನಾವು ಹಟ ಅಂದುಕೊಂಡು ಬೈದದ್ದೂ ಉಂಟು. ಈಗ ನೆನೆಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತೆ. ವಿಚಿತ್ರ ಅಂದರೆ ಮಾಳಿಗೆ ಮೆಟ್ಟಿಲು ಮಾತ್ರ ಒಂದೂ ತಡೆಯದೆ ಹತ್ತುತ್ತಾರೆ.

ಹೋದ ದೀಪಾವಳಿಗೆ ನನ್ನ ಹೆಂಡತಿ ಗೇಟಿನಿಂದ ಬಾಗಿಲವರೆಗೆ ಅಡ್ಡಡ್ಡ ಪಟ್ಟಿಯ ರಂಗೋಲಿ ಹಾಕಿದ್ದಳು. ಬಿಳಿ, ಕೆಂಪು, ಬಿಳಿ, ಕೆಂಪು. ಅಪ್ಪಾಜಿ ಗುಡಿಗೆ ಹೋಗಿ ಬಂದವರು ಗೇಟಿನಲ್ಲಿ ನಿಂತರು. ರಂಗೋಲಿ ತುಳಿಯಬಾರದು ಅಂತ ಒಂದೊಂದೇ ಪಟ್ಟಿ ದಾಟುತ್ತಾ, ದೊಡ್ಡ ದೊಡ್ಡ ಹೆಜ್ಜೆ ಇಡುತ್ತಾ ಬಾಗಿಲವರೆಗೆ ಬಂದರು. ಕೊನೆಯ ಪಟ್ಟಿ ಹೊಸ್ತಿಲ ಮುಂದೆಯೇ ಇತ್ತು. ಅದನ್ನೂ ದಾಟಿ ಒಳಗೆ ಬಂದುಬಿಟ್ಟರು. ಹೆಂಡತಿ ರಂಗೋಲಿ ಡಬ್ಬಿ ಹಿಡಿದು ನಿಂತವಳು ನಿಂತೇ ಇದ್ದಳು. ನಮಗೆ ಯಾರಿಗೂ ಮಾತು ಬರಲಿಲ್ಲ.

ಡಾಕ್ಟರಿಗೆ ಹೇಳಿದರೆ ಅವರಿಗೆ ಅಚ್ಚರಿಯೇ ಆಗಲಿಲ್ಲ, ಗೊತ್ತಿರುವ ವಿಷಯವಂತೆ.

ಕ್ಯಾಂಟೀನ್_ಚಹಾ
6:02

ನಿಮ್ಮ ಬರಹ ಎರಡು ಸಲ ಓದಿದೆ.

ಹೌದು, ಗೊತ್ತಿರುವ ವಿಷಯವೇ. ಕಲಿತುಬಿಟ್ಟ ನಡಿಗೆಯನ್ನು ತಾನಾಗಿಯೇ ಓಡಿಸುವುದು ಮೆದುಳಿನ ಆಳದಲ್ಲಿರುವ ಕೆಲವು ಗಂಟುಗಳು. ಅವುಗಳಿಗೆ ಡೋಪಮಿನ್ ಕೊಡುವ ಕೋಶಗಳು ಕಪ್ಪು ಬಣ್ಣದವು, ಈ ಕಾಯಿಲೆಯಲ್ಲಿ ಅವು ಸಾಯುತ್ತವೆ. ಲಕ್ಷಣ ಕಾಣುವ ಹೊತ್ತಿಗೆ ಅರ್ಧದಷ್ಟು ಹೋಗಿರುತ್ತವೆ. ಆಗ ತಾನಾಗಿ ಓಡುವ ನಡಿಗೆ ಶುರುವಾಗುವುದೇ ಕಷ್ಟ. ಆದರೆ ಕಣ್ಣ ಮುಂದೆ ಗೆರೆ ಇದ್ದರೆ ನಡಿಗೆ ಬೇರೆ ದಾರಿ ಹಿಡಿಯುತ್ತೆ. ನೋಡಿ, ಗುರಿಯಿಟ್ಟು, ದಾಟುವ ದಾರಿ ಅದು. ಆ ದಾರಿ ಅಷ್ಟು ಕೆಟ್ಟಿರಲ್ಲ. ಮೆಟ್ಟಿಲೂ ಗೆರೆಯೇ ಅಲ್ವಾ.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ಬರೆದಾಗ ಅವರು ಆಧಾರ ಮಾಡಿಕೊಂಡದ್ದು ಬರೀ ಆರು ಜನರನ್ನು, ಅದರಲ್ಲೂ ಕೆಲವರನ್ನು ಬೀದಿಯಲ್ಲಿ ಕಂಡು. ಔಷಧಿಯ ಕತೆಯಲ್ಲಿ ನಮ್ಮ ಬೇಲಿಯ ಗಿಡಗಳೂ ಇವೆ. ಸರ್ಪಗಂಧದಿಂದ ತೆಗೆದ ರಿಸರ್ಪಿನ್ ಕೊಟ್ಟರೆ ಮೊಲಗಳು ಕದಲದೆ ಬಿದ್ದಿರುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವಕ್ಕೆ ಡೋಪಾ (ಮೆದುಳಿನಲ್ಲಿ ಡೋಪಮಿನ್ ಆಗುವ ವಸ್ತು) ಚುಚ್ಚಿದರು, ಮೊಲಗಳು ಎದ್ದವು. ಡೋಪಮಿನ್ ಮತ್ತು ಚಲನೆಗೆ ನಂಟಿದೆ ಅಂತ ಸುಳಿವು ಸಿಕ್ಕಿದ್ದು ಹೀಗೆ. ಅವರಿಗೆ 2000ದಲ್ಲಿ ನೊಬೆಲ್ ಬಂತು.

ಗದಗಿನ_ಮಾಸ್ತರ
6:20

ನಸುಗುನ್ನಿ ಬೀಜದಲ್ಲೂ ಅದೇ ಡೋಪಾ ಇದೆ ಅಲ್ವಾ? ಆಯುರ್ವೇದದಲ್ಲಿ ಕಂಪವಾತಕ್ಕೆ ಕೊಡುತ್ತಿದ್ದರು.

ಕ್ಯಾಂಟೀನ್_ಚಹಾ
6:33

ಇದೆ, 1937ರಲ್ಲೇ ತೆಗೆದು ತೋರಿಸಿದ್ದಾರೆ. ಆದರೆ ಅಪ್ಪಾಜಿಯ ಗುಳಿಗೆ ಬಿಡಿಸಿ ಪುಡಿ ಶುರುಮಾಡಬೇಡಿ. ಒಂದು ಚಮಚದಲ್ಲಿ ಎಷ್ಟಿದೆ ಅಂತ ಬೀಜದಿಂದ ಬೀಜಕ್ಕೆ ಬದಲು. ಗುಳಿಗೆಯ ಜೊತೆ ಅದೂ ಸೇರಿದರೆ ಮೈ ತಾನೇ ತಿರುಚಿಕೊಳ್ಳುವಷ್ಟು ಜಾಸ್ತಿ ಆಗಬಹುದು.

ನೆರಳು ಅವರೇ, ಗುಳಿಗೆ ಯಾವಾಗ ಕೊಡುತ್ತೀರಿ?

ನರಗುಂದದ_ನೆರಳು
6:41

ಹಾಲಿನ ಜೊತೆ, ಊಟ ಆದ ಮೇಲೆ. ಖಾಲಿ ಹೊಟ್ಟೆಗೆ ಬೇಡ ಅಂತ ನಾವೇ ಮಾಡಿಕೊಂಡದ್ದು.

ಕ್ಯಾಂಟೀನ್_ಚಹಾ
6:50

ಹಾಲು, ಬೇಳೆಯ ಪ್ರೋಟೀನು ಲಿವೊಡೋಪಾವನ್ನು, ಅಂದರೆ ಪಾರ್ಕಿನ್ಸನ್ ಗುಳಿಗೆಯಲ್ಲಿರುವ ಡೋಪಾವನ್ನು, ಒಳಗೆ ಹೋಗಲು ಬಿಡಲ್ಲ. ಎರಡಕ್ಕೂ ಬಾಗಿಲು ಒಂದೇ, ನೂಕುನುಗ್ಗಲು. ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನ ಜೊತೆ ಕೊಡಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಹೊಟ್ಟೆ ತೊಳಸಿದರೆ ಒಂದು ಬಿಸ್ಕಿಟ್ ಸಾಕು.

ಸಪ್ತಾಪುರದ_ಮಗಳು
ಗುರುವಾರ, ರಾತ್ರಿ 9:15

ನಾಲ್ಕು ದಿನ ತಡ ಆಯಿತು. ಸೋಮವಾರ ಡಾಕ್ಟರನ್ನು ಕೇಳಿದೆ, ಸಿನ್ನರಿಜಿನ್ ನಿಲ್ಲಿಸಿ ಅಂದರು. ದಿನಾ ಸಂಜೆ ಸಾಧನಕೇರಿಗೆ ಹೋಗುತ್ತಿದ್ದೇವೆ. ಅವ್ವ ಎಡಕ್ಕೆ ಬಲಕ್ಕೆ ನೋಡು ಅಂದರೆ ಎಡಕ್ಕೆ ಬಲಕ್ಕೆ ಇರುವವರನ್ನೆಲ್ಲ ಮಾತಾಡಿಸುತ್ತಾಳೆ, ಮನೆಗೆ ಬರುವುದು ಎಂಟು ಗಂಟೆಗೆ. ಅರಳೆ ಇನ್ನೂ ಇದೆ, ಆದರೆ "ತೆಳ್ಳಗ ಆಗೈತಿ" ಅನ್ನುತ್ತಾಳೆ. ಇವತ್ತು ಮೇಲಿನ ಹಲಗೆಯ ಶೇಂಗಾ ಚಟ್ನಿ ಡಬ್ಬಿ ತಾನೇ ತೆಗೆದಳು. ಒಂದು ಕೈ ಗೋಡೆ ಮೇಲಿತ್ತು.

ಮಾಳಮಡ್ಡಿ_ಮನೆ
9:28

ಒಳ್ಳೆಯದಾಯಿತು ಅಕ್ಕಾ. ಮಾವನವರ ಬಿ12 ವರದಿ ನಾಳೆ ಬರುತ್ತೆ. ಹಿಡಿಕೆ ಹಾಕಿಸಿದೆವು.

ನೆರಳು ಅವರೇ, ದಿನಾ ರಂಗೋಲಿ ಹಾಕುತ್ತೀರಾ? ನಮ್ಮ ಓಣಿಯಲ್ಲಿ ಇನ್ನೊಬ್ಬರಿಗೆ ಪಾರ್ಕಿನ್ಸನ್ ಇದೆ, ಅವರ ಮಗಳು ಕೇಳುತ್ತಿದ್ದಾಳೆ.

ನರಗುಂದದ_ನೆರಳು
9:44

ಇಲ್ಲರೀ, ಮಳೆ ಬಂದರೆ ಹೋಗುತ್ತೆ. ಒಳಗೆಲ್ಲ ಟೇಪ್ ಅಂಟಿಸಿದ್ದೇವೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಇನ್ಸುಲೇಷನ್ ಟೇಪ್ ಅಂತ ಕೇಳಿ. ನೆಲ ಬಿಳಿ ಇದ್ದರೆ ಕೆಂಪು ತಗೊಳ್ಳಿ, ಕಪ್ಪು ಟೇಪನ್ನು ಅಪ್ಪಾಜಿ ಸಂಜೆ ಹೊತ್ತು ಗುಂಡಿ ಅಂದುಕೊಂಡು ನಿಲ್ಲುತ್ತಿದ್ದರು. ಅವರ ಮೊದಲಿನ ಹೆಜ್ಜೆ ಎಷ್ಟು ಉದ್ದ ಇತ್ತೋ ಅಷ್ಟು ದೂರಕ್ಕೆ ಒಂದು ಪಟ್ಟಿ. ಹೊಸ್ತಿಲಿಗೆ, ಬಚ್ಚಲ ಬಾಗಿಲಿಗೆ, ಮಂಚದ ಪಕ್ಕಕ್ಕೆ ಮರೆಯದೆ ಹಾಕಿ. ಅಂಚು ಎದ್ದರೆ ಕೂಡಲೇ ಬದಲಿಸಿ, ಇಲ್ಲದಿದ್ದರೆ ಅದಕ್ಕೇ ಎಡವುತ್ತಾರೆ.